ಇಡಗುಂದಿ ಬಂಗಲೆಯ ಇಪ್ಪತ್ತೆರಡು ಅತಿಥಿಗಳು

ಕೆಲಸಕ್ಕೆ ಸೇರಿದ ನಾಲ್ಕನೆಯ ದಿನವೇ ನಾನು ಒಬ್ಬ ಸಾಹೇಬರ ಹಲ್ಲನ್ನು ಕಿಟಕಿಯಿಂದಾಚೆ ಎಸೆದೆ.

ಹೋಟೆಲು, ಲಾಡ್ಜು, ಪ್ರವಾಸಿ ಮಂದಿರ ಎಂದು ಈಗ ಕೆಲಸಕ್ಕೆ ಸೇರುತ್ತಿರುವ ಮಕ್ಕಳು ನನ್ನ ಬಳಿ ಬಂದು, "ಇಬ್ರಾಹಿಂ ಚಾಚಾ, ನಿಮ್ಮ ಕಾಲದಲ್ಲಿ ಹೇಗಿತ್ತು?" ಎಂದು ಕೇಳಿದಾಗ ನನಗೆ ಮೊದಲು ನೆನಪಾಗುವುದು ಆ ಹಲ್ಲೇ. ಮುಂದೆ ನಾನೂ ಬಟ್ಲರ್ ಆದೆ, ಬಿಳಿ ಕೋಟು ಹಾಕಿದೆ, ಕೈಕೆಳಗೆ ನಾಲ್ಕು ಜನರನ್ನು ಇಟ್ಟುಕೊಂಡೆ. ಅದನ್ನೆಲ್ಲ ಬರೆದು ನಿಮಗೇನು ಪ್ರಯೋಜನ? ಎಡವಿದ್ದನ್ನು ಬರೆಯುತ್ತೇನೆ, ಓದಿ.

ಹತ್ತೊಂಬೈನೂರ ಮೂವತ್ತರ ನಂತರದ ವರ್ಷಗಳು. ನಮ್ಮದು ಶಿರಸಿಯ ಗಾಡಿ ಬಾಡಿಗೆಯ ಮನೆತನ. ಅಪ್ಪ ಎತ್ತಿನ ಗಾಡಿಯಲ್ಲಿ ಕುಮಟೆಗೆ ಸರಕು ಸಾಗಿಸುತ್ತಿದ್ದರು. ಜನರನ್ನೂ ಸರಕನ್ನೂ ಹೊರುವ ಸರ್ವಿಸ್ ಮೋಟಾರುಗಳು ಬಂದದ್ದೇ ಬಂದದ್ದು, ಗಾಡಿಗೆ ಸರಕು ಸಿಗದಾಯಿತು. ಅಪ್ಪ ಮೋಟಾರಿಗೆ ಶಾಪ ಹಾಕುತ್ತಿದ್ದರೆ ನಾನು ಅದರ ಹಾರ್ನ್ ಕೇಳಿದೊಡನೆ ಅನ್ನದ ತಟ್ಟೆ ಬಿಟ್ಟು ಓಡುತ್ತಿದ್ದೆ! ಯಾರು ಇಳಿಯುತ್ತಾರೆ, ಎಲ್ಲಿಯವರು, ಪೆಟ್ಟಿಗೆಯಲ್ಲಿ ಏನಿದೆ ಎಂದು ನೋಡುವುದೇ ನನಗೆ ಹಬ್ಬ. ಇಪ್ಪತ್ತು ತುಂಬುವಷ್ಟರಲ್ಲಿ ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ಸರ್ಕಾರಿ ಬಂಗಲೆಯ ಸಾಂತಾನ್ ಬಟ್ಲರ ಮುಂದೆ ನಿಲ್ಲಿಸಿದರು. "ಬಂದವರ ಮುಖ ನೋಡೋದೇ ಇವನಿಗೆ ಚಟ. ನಿಮ್ಮಲ್ಲೇ ನೋಡಲಿ" ಅಂದರು. ಹೀಗೆ ನಾನು ಬಂಗಲೆಯ ಮೇಟಿಯಾದೆ. ಮೇಟಿಯೆಂದರೆ ಕೋಣೆ ಗುಡಿಸಿ, ನೀರು ಕಾಯಿಸಿ, ಮೇಜಿಗೆ ಬಡಿಸಿ, ಬಂದವರ ಬೇಕುಬೇಡ ನೋಡುವವನು.

ಸಾಂತಾನ್ ಬಟ್ಲರು ಗೋವೆ ಕಡೆಯವರು. ಕುಳ್ಳಗೆ, ಕಪ್ಪಗೆ, ಎರಡೂ ಕಿವಿಯಲ್ಲಿ ಕೂದಲು. ಕನ್ನಡವನ್ನು ಕೊಂಕಣಿಯ ರಾಗದಲ್ಲಿ ಆಡುತ್ತಿದ್ದರು. ನನ್ನನ್ನು 'ಪುತಾ', ಅಂದರೆ ಮಗನೇ, ಎಂದು ಕರೆಯುತ್ತಿದ್ದರು. ಅವರ ಶಾಲೆಗೆ ಪುಸ್ತಕವಿರಲಿಲ್ಲ. ಕಂಠಮಟ್ಟ ನೀರು ತುಂಬಿದ ಆರು ಗಾಜಿನ ಲೋಟಗಳನ್ನು ತಟ್ಟೆಯಲ್ಲಿಟ್ಟು, "ಬಂಗಲೆಗೆ ಮೂರು ಸುತ್ತು ಬಾ. ಕಣ್ಣು ಲೋಟದ ಮೇಲೆ ಹೋದರೆ ಮತ್ತೆ ಒಂದರಿಂದ" ಎನ್ನುತ್ತಿದ್ದರು. ಲೋಟ ನೋಡಿದರೆ ಕೈ ನಡುಗುತ್ತದೆ, ದಾರಿ ನೋಡಿದರೆ ನಡುಗುವುದಿಲ್ಲ. ಇದು ನನಗೆ ಗೊತ್ತಾಗುವಷ್ಟರಲ್ಲಿ ಅಂಗಿಯೆಲ್ಲ ಒದ್ದೆ. ಇನ್ನೊಂದು ಪಾಠ, ಬಂದವರ ಮುಖಕ್ಕಿಂತ ಮೊದಲು ಕಾಲಿನ ಜೋಡು ನೋಡುವುದು. "ಮುಖ ಸುಳ್ಳು ಹೇಳ್ತದೆ ಪುತಾ, ಜೋಡು ಹೇಳೋದಿಲ್ಲ. ಧೂಳು ಎಲ್ಲೀವರೆಗೆ ಹತ್ತಿದೆ ನೋಡು. ಹಿಮ್ಮಡಿ ಸವೆದಿದೆಯಾ ನೋಡು. ಆಮೇಲೆ ಚಹಾ ಕೊಡಬೇಕೋ, ಕುರ್ಚಿ ಕೊಡಬೇಕೋ ತಿಳೀತದೆ."

ಇನ್ನು ಹಲ್ಲಿನ ವಿಷಯ. ಶಾಲೆಗಳ ತಪಾಸಣೆಗೆ ಬಂದ ಒಬ್ಬ ಸಾಹೇಬರು ಶಿರಸಿ ಬಂಗಲೆಯಲ್ಲಿ ಇಳಿದಿದ್ದರು. ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ನಾನು ಕೋಣೆ ಗುಡಿಸಲು ಹೋದೆ. ಮೇಜಿನ ಮೇಲೆ ಅರ್ಧ ಲೋಟ ನೀರಿತ್ತು. ಹಳಸಲು ನೀರು ಎಂದುಕೊಂಡು ಕಿಟಕಿಯಿಂದಾಚೆ ಚೆಲ್ಲಿದೆ. ದಾಸವಾಳದ ಗಿಡದಲ್ಲಿ 'ಟಪ್' ಎಂದು ಸದ್ದಾಯಿತು. ನೀರಿಗೆ ಅಂಥ ಸದ್ದಿಲ್ಲ ಎಂದು ಹೊಳೆಯಲಿಲ್ಲ ನನಗೆ! ಲೋಟ ತೊಳೆದು ಫಳಫಳ ಮಾಡಿ ಇಟ್ಟೆ.

ಸ್ವಲ್ಪ ಹೊತ್ತಿಗೆ ಸಾಹೇಬರು ಬಾಯಿಗೆ ಟವೆಲು ಹಿಡಿದುಕೊಂಡು ಹೊರಗೆ ಬಂದರು. ಏನೋ ಹೇಳಿದರು, ಬರೀ ಗಾಳಿ ಬಂತು. ಸಾಂತಾನರು ಅವರನ್ನೊಮ್ಮೆ, ಮೇಜನ್ನೊಮ್ಮೆ ನೋಡಿ ನನ್ನನ್ನು ಪಕ್ಕಕ್ಕೆ ಎಳೆದರು.

"ಲೋಟದಲ್ಲಿ ಏನಿತ್ತು?"

"ನೀರು."

"ನೀರಲ್ಲಿ?"

ಅಷ್ಟೇ, ಅವರು ಗಿಡದ ಬುಡಕ್ಕೆ ಹೋಗಿ ಮೊಣಕಾಲೂರಿ ಕೂತೇಬಿಟ್ಟರು. ಬಿಳಿ ಪ್ಯಾಂಟಿನ ಮಣ್ಣನ್ನು ಲೆಕ್ಕಿಸಲಿಲ್ಲ. ನಾನೂ ಕೂತೆ. ಮನುಷ್ಯನಿಗೆ ತೆಗೆದಿಡುವ ಹಲ್ಲಿರುತ್ತದೆ ಎಂದೇ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಕೊನೆಗೆ ಸಿಕ್ಕಿತು, ಕೆಂಪಿರುವೆಗಳ ಸಮೇತ! ನಾನು ಪಿಸುಗುಟ್ಟಿದೆ: "ತೊಳೆದು ಲೋಟದಲ್ಲಿ ಇಟ್ಟುಬಿಡೋಣ ಬಟ್ಲರೇ. ಅವರಿಗೆ ಗೊತ್ತಾಗೋದಿಲ್ಲ."

ಅವರು ನನ್ನ ಕಡೆ ನೋಡಿದ ನೋಟ ಇನ್ನೂ ಕಣ್ಣಲ್ಲಿದೆ. "ಅವರ ಬಾಯಿಗೆ ಹೋಗೋ ವಸ್ತು. ಎಲ್ಲಿಗೆ ಹೋಗಿ ಬಂತು ಅಂತ ಅವರಿಗೆ ಗೊತ್ತಿರಬೇಕು."

ಕುದಿಯುವ ನೀರಲ್ಲಿ ತೊಳೆದು, ಬಿಳಿ ಬಟ್ಟೆಯ ಮೇಲಿಟ್ಟುಕೊಂಡು ಅವರೇ ಸಾಹೇಬರ ಮುಂದೆ ಹೋಗಿ ನಡೆದದ್ದನ್ನೆಲ್ಲ ಹೇಳಿದರು. "ಹೊಸಬ. ಕಲಿಸಬೇಕಾದವನು ನಾನು, ಕಲಿಸಿರಲಿಲ್ಲ" ಎಂದು ಸೇರಿಸಿದರು. ಸಾಹೇಬರು ಹಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು, ಇನ್ನೊಮ್ಮೆ ಬಿಸಿನೀರು ತರಿಸಿಕೊಂಡರು, ಹಾಕಿಕೊಂಡರು. ಆಮೇಲೆ ಕಟಕಟ ಕಚ್ಚಿ ತೋರಿಸಿ, "ಇರುವೆ ಇಲ್ಲ" ಎಂದು ನಕ್ಕರು! ಅಂದಿನಿಂದ ಇಂದಿನವರೆಗೆ ನಾನು ಯಾರ ಲೋಟವನ್ನೂ ಒಳಗೆ ನೋಡದೆ ಚೆಲ್ಲಿಲ್ಲ.

ಮಾರನೆಯ ವರ್ಷ ಮಳೆ ನಿಂತ ಮೇಲೆ ನಮ್ಮಿಬ್ಬರನ್ನೂ ಸಿದ್ದಾಪುರದ ಬಂಗಲೆಗೆ ಹಾಕಿದರು. ಜೋಗದ ಗುಂಡಿ ನೋಡಲು ಜನ ಆಗಲೇ ಮುಗಿಬೀಳುತ್ತಿದ್ದರು. ಮುಂಬಯಿಯವರು, ಧಾರವಾಡದವರು, ಕ್ಯಾಮೆರಾ ಕುತ್ತಿಗೆಗೆ ಕಟ್ಟಿಕೊಂಡವರು, ಪಿಟೀಲು ತಂದವರು! ಜಲಪಾತ ನೋಡಿ ಮಾತೇ ಬಿಟ್ಟವರೂ ಇದ್ದರು, "ಇಷ್ಟೇನಾ?" ಅಂದವರೂ ಇದ್ದರು.

ಬಯಲುಸೀಮೆಯ ಒಬ್ಬ ಜಮೀನುದಾರರು ಹೆಂಡತಿ ಮಕ್ಕಳ ಜೊತೆ ಕಾರಿನಲ್ಲಿ ಬಂದರು. ಹಿಂದಿನಿಂದ ಲಾರಿಯಲ್ಲಿ ಅವರ ಹಸು ಬಂತು. ಬೇರೆ ಹಾಲು ಅವರು ಮುಟ್ಟುವುದಿಲ್ಲವಂತೆ. ದಾರಿಯ ಕುಲುಕಾಟಕ್ಕೆ ಹೆದರಿದ ಹಸು ತೊಟ್ಟು ಹಾಲೂ ಬಿಡಲಿಲ್ಲ. ಪಕ್ಕದ ಹಳ್ಳಿ ಕೋಲಸಿರ್ಸಿಯಿಂದ ಹಾಲು ಕರೆಯುವವಳನ್ನು ಕರೆಸಿದೆವು, ಅವಳಿಗೆ ಒದೆಯಿತು. ಜಮೀನುದಾರರು ಜಗಲಿಯ ಮೇಲೆ ನಿಂತು ಬಾಯಿಗೆ ಬಂದಂತೆ ಬೈಯತೊಡಗಿದರು. ನನಗೆ ತಡೆಯಲಾಗಲಿಲ್ಲ. "ಯಜಮಾನರೇ, ಜೋಗಕ್ಕೆ ಬಂದದ್ದು ನೀರು ನೋಡಲಿಕ್ಕೋ, ಹಾಲು ನೋಡಲಿಕ್ಕೋ?" ಎಂದುಬಿಟ್ಟೆ.

ಅವರು ಎಗರಿದ್ದನ್ನು ನೀವು ನೋಡಬೇಕಿತ್ತು! ಈ ಗಳಿಗೆಯೇ ಇವನನ್ನು ತೆಗೆಯಿರಿ, ಇಲ್ಲವಾದರೆ ಮೇಲಿನವರಿಗೆ ಬರೆಯುತ್ತೇನೆ ಎಂದರು. ಸಾಂತಾನರು ನನ್ನ ಪರ ಮಾತಾಡಲಿಲ್ಲ, ಅವರ ಪರವೂ ಮಾತಾಡಲಿಲ್ಲ. ಒಂದು ಕುರ್ಚಿ ಎತ್ತಿಕೊಂಡು ಹೋಗಿ ಹಸುವಿನ ಪಕ್ಕ ಇಟ್ಟರು. "ಯಜಮಾನರೇ, ಹಸು ಯಾರನ್ನೋ ಹುಡುಕ್ತಾ ಇದೆ. ನೀವೊಮ್ಮೆ ಬಂದು ಕೂತರೆ ಆದೀತು."

ಅವರು ಗೊಣಗುತ್ತಲೇ ಬಂದು ಕೂತರು. ಹಸು ಮೂತಿಯನ್ನು ತಂದು ಅವರ ಹೆಗಲ ಮೇಲಿಟ್ಟಿತು. ಆ ಮನುಷ್ಯ ಅದರ ಗಂಗೆದೊಗಲು ಸವರುತ್ತ, ತಾಯಿ ಸತ್ತ ಕರುವಾಗಿದ್ದ ಅದನ್ನು ತಾವೇ ಬೆರಳು ಚೀಪಿಸಿ ಸಾಕಿದ್ದನ್ನು ನಮಗೆಲ್ಲ ಹೇಳಿದರು. ಹಾಲು ಇಳಿಯಿತು. ಮೊದಲ ಲೋಟ ನನಗೇ ಕೊಡಿಸಿದರು!

"ಕೂಗಾಡುವವನ ಬಾಯಿ ಮುಚ್ಚಿಸೋಕೆ ಹೋಗಬೇಡ" ಎಂದರು ಸಾಂತಾನರು ಆಮೇಲೆ. "ಅವನ ಕೈಗೆ ಒಂದು ಕೆಲಸ ಕೊಡು. ಕೈಗೆ ಕೆಲಸ ಬಂದರೆ ಬಾಯಿ ತಾನೇ ಸುಮ್ಮನಾಗ್ತದೆ. ಇನ್ನು ನೀನು, ಹೋಗಿ ಸೆಗಣಿ ಬಾಚು." ಮೂರು ದಿನ ಬಾಚಿದೆ.

ಇದೆಲ್ಲ ಆದ ಮೇಲೆ ಬಂತು ಇಡಗುಂದಿ.

ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ದಾರಿಯಲ್ಲಿ ಘಟ್ಟದ ತಲೆಯ ಮೇಲೆ ಇಡಗುಂದಿ. ಅಲ್ಲಿ ಎರಡು ಕೋಣೆಯ ಒಂದು ಪುಟ್ಟ ಬಂಗಲೆ. ಆ ಕಡೆಗೆ ವರ್ಗವೆಂದರೆ ಜನ ಮುಖ ಸಣ್ಣ ಮಾಡುತ್ತಿದ್ದರು, ಚಳಿಜ್ವರದ ಹೆದರಿಕೆಗೆ. ಊರಿನ ಹತ್ತಿಪ್ಪತ್ತು ಮನೆಗಳಲ್ಲಿ ಯಾವತ್ತೂ ಯಾರಾದರೊಬ್ಬರು ಕಂಬಳಿ ಹೊದ್ದು ನಡುಗುತ್ತಿದ್ದರು. ನಾವು ಹೋಗಿ ಎರಡು ತಿಂಗಳಾಗಿತ್ತು. ಬಿಸಿಲುಗಾಲ. ಸಾಂತಾನರಿಗೂ ಜ್ವರ ಹಿಡಿಯಿತು. ಹಿಂದಿನ ಆಳುಮನೆಯಲ್ಲಿ ಮಲಗಿದ್ದರು.

ಆ ದಿನ ಸಂಜೆ ಬೆಳಗಾವಿ ಕಡೆಯ ಒಬ್ಬ ದೊಡ್ಡ ಸಾಹೇಬರು ಬರುವವರಿದ್ದರು. ಎರಡೂ ಕೋಣೆ ಅವರ ಹೆಸರಿಗೆ. ಸಣ್ಣ ತಪ್ಪಿಗೂ ದೊಡ್ಡ ಶೇರಾ ಬರೆಯುವವರೆಂದು ಅವರು ಹೆಸರಾಗಿದ್ದರು. ಬಂಗಲೆಯಲ್ಲಿ ಇಳಿದವರು ತಮ್ಮ ಅಭಿಪ್ರಾಯ ಬರೆಯುವ ಶೇರಾ ಪುಸ್ತಕವೆಂದರೆ ನಮಗೆ ಯಮನ ಪುಸ್ತಕವೇ ಸರಿ. ನಾನು ಹಾಸಿಗೆ ಹಾಸಿ, ಹಿತ್ತಾಳೆ ತಿಕ್ಕಿ, ಎಲ್ಲ ಸಜ್ಜು ಮಾಡಿ ನಿಂತಿದ್ದೆ. ನಡುಮಧ್ಯಾಹ್ನ. ಘಟ್ಟ ಹತ್ತಿ ಬಂದ ಸರ್ವಿಸ್ ಮೋಟಾರು ಬಂಗಲೆ ದಾಟಿ ಹೋದದ್ದು ಹಾಗೇ ಹಿಮ್ಮುಖವಾಗಿ ಬಂತು. ಮುಂದೆ ಅರ್ಧ ಫರ್ಲಾಂಗಿನಲ್ಲಿದ್ದ ಮರದ ಸೇತುವೆ, ಸಾಗವಾನಿ ದಿಮ್ಮಿ ಹೇರಿದ ಲಾರಿಯ ಭಾರಕ್ಕೆ ಮುರಿದು ಹಳ್ಳಕ್ಕೆ ಬಿದ್ದಿತ್ತು. ಲಾರಿಯವನು ಹೇಗೋ ಉಳಿದಿದ್ದ. ಮೋಟಾರು ಮುಂದೆ ಹೋಗುವಂತಿಲ್ಲ. ಮತ್ತೆ ಘಟ್ಟ ಇಳಿಯಲು ಪೆಟ್ರೋಲು ಸಾಲದು. ಅದರಲ್ಲಿದ್ದವರು ಇಪ್ಪತ್ತೆರಡು ಜನ.

ಇಳಿದರು. ಗೇಟಿನ ಹೊರಗೆ, ಉರಿಬಿಸಿಲಿನಲ್ಲಿ. ಮೀನು ಮಾರುವ ಹೆಂಗಸರು, ಹಳಿಯಾಳದ ಇಬ್ಬರು ಮುಸಲ್ಮಾನ ವ್ಯಾಪಾರಿಗಳು, ಒಬ್ಬ ಮಾಸ್ತರು, ಮಕ್ಕಳು ಮರಿ. ಉಮ್ಮಚಗಿಯ ಮಾದೇವಿ ಅಮ್ಮ ಎಂಬ ಹವ್ಯಕರ ಮುದುಕಿ ತನ್ನ ಸೊಸೆಯನ್ನು ಅಂಕೋಲೆಯಲ್ಲಿ ಔಷಧಿ ಕೊಡಿಸಿ ವಾಪಸು ಕರೆದೊಯ್ಯುತ್ತಿದ್ದರು. ಸೊಸೆ ಜ್ವರದಿಂದ ನಿಲ್ಲಲಾರದೆ ಅತ್ತೆಯ ಹೆಗಲಿಗೆ ಒರಗಿದ್ದಳು. ಎಲ್ಲರಿಗಿಂತ ಮುಂದೆ ನಿಂತಿದ್ದವರು ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿ ರಾಚಪ್ಪನವರು.

"ಏನಪಾ ಮೇಟಿ, ನಾವೇನು ದನಾನ, ಬಿಸಲಾಗ ನಿಂದ್ರಾಕ? ಹೆಣ್ಮಕ್ಕಳದಾರ, ಜಡ್ಡಾದವರದಾರ. ಬಾಗ್ಲಾ ತಗೀ!"

ಅಪ್ಪಣೆಯಿಲ್ಲದವರಿಗೆ ಬಂಗಲೆ ತೆರೆಯಬಾರದೆಂದು ಗೋಡೆಯ ಮೇಲೆ ಮೂರು ಭಾಷೆಯಲ್ಲಿ ಬರೆದು ತೂಗುಹಾಕಿತ್ತು. ನಾನು ಓಡಿದೆ ಸಾಂತಾನರ ಬಳಿ. ಕಂಬಳಿಯೊಳಗಿಂದ ಅವರ ಹಲ್ಲು ಕಟಕಟ ಅನ್ನುತ್ತಿತ್ತು. ಎಲ್ಲ ಹೇಳಿ, "ಏನು ಮಾಡಲಿ?" ಎಂದೆ.

ಅವರು ತಲೆದಿಂಬಿನ ಕೆಳಗಿನಿಂದ ಕೀಲಿಗೊಂಚಲು ತೆಗೆದು ನನ್ನ ಕೈಗಿಟ್ಟರು. "ನನಗೆ ಕಣ್ಣು ಕಾಣಿಸ್ತಾ ಇಲ್ಲ ಪುತಾ. ಅವರ ಮುಖ ನೋಡಿದವನು ನೀನು. ಇವತ್ತು ನೀನೇ ಬಟ್ಲರ್."

ಆ ಕೀಲಿಗಳು ಕೈಗೆ ಬಂದಾಗ ಮೈಯೆಲ್ಲ ಜುಮ್ಮೆಂದದ್ದು ಈ ಮುಪ್ಪಿನಲ್ಲೂ ನೆನಪಿದೆ. ಹೆದರಿಕೆಯೂ ಹೌದು, ಹಿಗ್ಗೂ ಹೌದು! ಓಡಿಬಂದು ಗೇಟು ತೆರೆದೆ. ಜ್ವರದ ಸೊಸೆಯನ್ನು ಸೀದಾ ಸಾಹೇಬರ ಕೋಣೆಯ ಹಾಸಿಗೆಯ ಮೇಲೆ ಮಲಗಿಸಿದೆ. ಮಕ್ಕಳಿದ್ದ ಹೆಂಗಸರಿಗೆ ಇನ್ನೊಂದು ಕೋಣೆ. ಗಂಡಸರಿಗೆ ಜಗಲಿ, ಮಾವಿನ ಮರದ ನೆರಳು. ರಾಚಪ್ಪನವರು ಇನ್ನೂ ಕೂಗುತ್ತಲೇ ಇದ್ದರು. ನಾನು ಹೋಗಿ ಕೈಮುಗಿದೆ.

"ಸಾಹುಕಾರ್ರೇ, ಒಂದು ಉಪಕಾರ ಆಗಬೇಕು. ಈ ಮೂವತ್ತು ಗಜದ ಜಾಗದಲ್ಲಿ ಯಾರು ಎಲ್ಲಿ ಕೂರಬೇಕು, ಯಾರ ಗಂಟು ಎಲ್ಲಿಡಬೇಕು, ನನಗೆ ತಿಳೀತಾ ಇಲ್ಲ. ನೀವು ಅಂಗಡಿ ನಡೆಸಿದವರು."

ಅವರ ಎದೆ ಒಂದು ಗೇಣು ಉಬ್ಬಿತು. "ಹಾಂ, ಮದಲ ಹೇಳಬಾರದೇನು!" ಎಂದು ತೋಳೇರಿಸಿದರು. ಕಾಲು ಗಂಟೆಯಲ್ಲಿ ಇಪ್ಪತ್ತೆರಡು ಜನರೂ, ಅವರ ಗಂಟುಮೂಟೆಗಳೂ ಅವರ ಅಂಗಡಿಯ ಬಟ್ಟೆಯ ಥಾನುಗಳಂತೆ ಸಾಲಾಗಿ ಕೂತಿದ್ದವು!

ಆದರೆ ಊಟ? ಉಗ್ರಾಣದಲ್ಲಿ ಅಕ್ಕಿ ಬೇಳೆ ಇತ್ತು. ಮಾಡುವವನು ನಾನು, ಮುಸಲ್ಮಾನ. ಅರ್ಧಕ್ಕರ್ಧ ಜನ ನನ್ನ ಕೈಯ ನೀರೂ ಕುಡಿಯರು. ಅದನ್ನು ಆಗ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ನಮಗೇ ಗೊತ್ತಿರಬೇಕಿತ್ತು. ಬೇಸರವಾಗುತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಆಗುತ್ತಿತ್ತು. ಆದರೆ ಹಸಿದ ಮಕ್ಕಳು ಅಳುತ್ತಿದ್ದವು. ನಾನು ಉಗ್ರಾಣದ ಬಾಗಿಲು ತೆರೆದಿಟ್ಟು, ಮಾದೇವಿ ಅಮ್ಮನ ಎದುರು ದೂರ ನಿಂತೆ.

"ಅಮ್ಮಾ, ಅಕ್ಕಿ ಇದೆ, ಸೌದೆ ಇದೆ. ಕೈ ಮಾತ್ರ ನಿಮ್ಮದಾಗಬೇಕು."

ಅವರು ಸೊಸೆಯ ಹಣೆ ಮುಟ್ಟಿ ನೋಡಿದರು, ಮರದ ಕೆಳಗಿನ ಜನರನ್ನು ನೋಡಿದರು. ಸೆರಗು ಬಿಗಿದರು. "ಬಾವಿ ಎಲ್ಲಿದ್ದು ಹೇಳು ಸಾಕು, ನೀರು ಆನೇ ಸೇದ್ಕತ್ತೆ. ಇಷ್ಟು ಜನ ಹಸ್ಕಂಡು ಕೂತಿರಕಾದ್ರೆ ಎಂಗ ಮಾತ್ರ ಉಂಡ್ರೆ ಗಂಟ್ಲಲ್ಲಿ ಇಳೀತಿಲ್ಲೆ." ನೀರು ತಾವೇ ಸೇದುತ್ತಾರಂತೆ, ಇಷ್ಟು ಜನ ಹಸಿದಿರುವಾಗ ತಾವಿಬ್ಬರೇ ಉಂಡರೆ ಗಂಟಲಲ್ಲಿ ಇಳಿಯದಂತೆ.

ಊರ ಭಟ್ಟರ ಮನೆಯಿಂದ ದೊಡ್ಡ ತಪ್ಪಲೆ ಬಂತು, ಬಾಳೆಲೆ ಬಂತು. ಮರದಲ್ಲಿ ಮಾವಿನಕಾಯಿಯಿತ್ತು, ನಾನು ಹತ್ತಿ ಕೆಡವಿದೆ. ಅಮ್ಮ ಅದನ್ನು ಬೇಯಿಸಿ ಕಿವುಚಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟು ಅಪ್ಪೆಹುಳಿ ಮಾಡಿದರು. ಆ ಒಗ್ಗರಣೆಯ ಪರಿಮಳಕ್ಕೆ ಮಲಗಿದ್ದ ಸೊಸೆಯೇ ಎದ್ದು ಕೂತಳು! ಪಂಕ್ತಿಗಳು ಬೇರೆಬೇರೆ ಕೂತವು. ಅನ್ನ ಒಂದೇ ತಪ್ಪಲೆಯದು.

ಐದು ಗಂಟೆಯ ಹೊತ್ತಿಗೆ ಸಾಹೇಬರು ಬಂದರು, ನಡೆದುಕೊಂಡು. ಕಾರನ್ನು ಸೇತುವೆಯ ಆಚೆ ಬಿಟ್ಟು, ಹಳ್ಳ ಇಳಿದು ಹತ್ತಿ ಬಂದಿದ್ದರು. ಹಿಂದೆ ಟೈಪಿನ ಪೆಟ್ಟಿಗೆ ಹೊತ್ತ ಗುಮಾಸ್ತರು. ಗೇಟಿನಲ್ಲೇ ನಿಂತರು. ತಮ್ಮ ಕೋಣೆಯ ಕಿಟಕಿಗೆ ಒಣಹಾಕಿದ್ದ ಸೀರೆಯನ್ನು ನೋಡಿದರು.

"ಯೇ ಸಬ್ ಕೌನ್ ಹೈ? ಕಿಸ್ ನೇ ಖೋಲಾ?" ಇವರೆಲ್ಲ ಯಾರು, ಯಾರು ತೆರೆದದ್ದು?

"ನಾನು, ಸಾಹೇಬ್" ಎಂದು ಅವರ ಭಾಷೆಯಲ್ಲೇ ಹೇಳಿದೆ.

"ನಾನು" ಎಂದಿತು ಹಿಂದಿನಿಂದ ಇನ್ನೊಂದು ದನಿ. ಸಾಂತಾನರು! ಕಂಬಳಿಯ ಮೇಲೆಯೇ ಬಿಳಿ ಕೋಟು ತೊಟ್ಟು, ಗೋಡೆ ಹಿಡಿದು ಹಿಡಿದು ಬಂದಿದ್ದರು. "ಕೀಲಿ ಕೊಟ್ಟವನು ನಾನು. ಬಟ್ಲರು ನಾನು. ಇವನನ್ನು ಕೇಳಬೇಡಿ."

ಸಾಹೇಬರ ಮುಖ ಕೆಂಪಾಗಿತ್ತು. ನಾನು ಅವರ ಮುಖ ಬಿಟ್ಟು ಜೋಡು ನೋಡಿದೆ. ಮೊಣಕಾಲುದ್ದ ಕೆಸರು, ಎಡಗಾಲಿನ ಜೋಡಿನ ತಳ ಕಿತ್ತು ಜೋತಾಡುತ್ತಿತ್ತು. ಈ ಮನುಷ್ಯನಿಗೆ ಈಗ ಉತ್ತರ ಬೇಡ, ಕುರ್ಚಿ ಬೇಕು! ಓಡಿಹೋಗಿ ಆರಾಮಕುರ್ಚಿ ತಂದು ಮರದ ಕೆಳಗೆ ಇಟ್ಟೆ. ಬಿಸಿನೀರಿನ ಬೋಗುಣಿ ತಂದೆ. ಅವರು ಬೈಯಲು ಬಾಯಿ ತೆರೆದವರು, ಕುರ್ಚಿ ಕಂಡು ಕೂತರು. ಕೂತ ಮೇಲೆ ಕಾಲು ನೀಡಿದರು. ಕಾಲು ಬಿಸಿನೀರಿಗೆ ಇಳಿದ ಮೇಲೆ ಕಣ್ಣು ಮುಚ್ಚಿದರು.

ಕಣ್ಣು ತೆರೆದಾಗ ಮುಂದೆ ಗಾಜಿನ ಲೋಟದಲ್ಲಿ ಅಪ್ಪೆಹುಳಿ ಇತ್ತು.

"ಇದೇನು?"

"ಮ್ಯಾಂಗೋ ಸೂಪ್, ಸರ್" ಎಂದೆ.

ಒಂದು ಗುಟುಕು. ಎರಡು ಗುಟುಕು. ಲೋಟ ಖಾಲಿಮಾಡಿ ಮುಂದೆ ಚಾಚಿದರು, ಇನ್ನೂ ಬೇಕೆಂದು! ಜಗಲಿಯಲ್ಲಿ ರಾಚಪ್ಪನವರು "ಹಂಗ ಬಾ ಮತ್ತ!" ಎಂದು ತೊಡೆ ತಟ್ಟಿಕೊಂಡರು.

ಸಾಹೇಬರು ಕೋಣೆ ಬಿಡಿಸಲಿಲ್ಲ. ಜಗಲಿಯ ತುದಿಯಲ್ಲಿ ಮಡಿಚುವ ಮಂಚ ಹಾಕಿಸಿಕೊಂಡರು. ತಮ್ಮ ಪೆಟ್ಟಿಗೆಯಿಂದ ಕ್ವಿನೈನ್ ಗುಳಿಗೆ ತೆಗೆದು ಸೊಸೆಗೂ ಸಾಂತಾನರಿಗೂ ಕೊಡಿಸಿದರು. ಹಾಗೆಂದು ಅವರು ದೇವರಾದರು ಎಂದುಕೊಳ್ಳಬೇಡಿ. ಬೆಳಿಗ್ಗೆ ಏಳುತ್ತಲೇ ಶೇರಾ ಪುಸ್ತಕ ತರಿಸಿ, ಅಪ್ಪಣೆಯಿಲ್ಲದೆ ಬಂಗಲೆ ತೆರೆದದ್ದು ತಪ್ಪು, ಇಬ್ಬರಿಗೂ ಕಟ್ಟುನಿಟ್ಟಿನ ಎಚ್ಚರಿಕೆ ಎಂದು ಬರೆದರು. ಗುಮಾಸ್ತರು ಅದನ್ನು ಓದಿ ಹೇಳಿದಾಗ ಸಾಂತಾನರು, "ಸರಿ ಬರೆದಿದ್ದಾರೆ. ನಿಯಮ ಮುರಿದದ್ದು ನಿಜ" ಎಂದರು. ಕಂಬಳಿ ಎಳೆದುಕೊಳ್ಳುತ್ತ, "ಇನ್ನೊಮ್ಮೆ ಹೀಗಾದರೆ ಇನ್ನೊಮ್ಮೆ ಮುರಿ" ಎಂದು ಮಗ್ಗುಲು ತಿರುಗಿ ಮಲಗಿದರು. ಆ ಎಚ್ಚರಿಕೆಯಿಂದ ನನಗೆ ಕಾಯಂ ಆಗುವುದು ಒಂದು ವರ್ಷ ತಡವಾಯಿತು. ಆಗಲಿ.

ಅಷ್ಟರಲ್ಲಿ ಮುರಿದ ಸೇತುವೆಯ ಮೇಲೆ ದಿಮ್ಮಿ ಅಡ್ಡಹಾಕಿ ಕಾಲುದಾರಿ ಮಾಡಿದ್ದರು. ಆಚೆ ದಡಕ್ಕೆ ಯಲ್ಲಾಪುರದಿಂದ ಬೇರೆ ಮೋಟಾರು ಬಂದು ನಿಂತು ಹಾರ್ನ್ ಹೊಡೆಯತೊಡಗಿತು. ಜನ ಗಂಟು ಹೊತ್ತು ಹೊರಟರು. ರಾಚಪ್ಪನವರು ಒಬ್ಬೊಬ್ಬರನ್ನೇ ಎಣಿಸಿ ದಾಟಿಸುತ್ತಿದ್ದರು. ನಾನು ಗೇಟಿನ ಬಳಿ ನಿಂತು ಎಲ್ಲರಿಗೂ ಸಲಾಮು ಮಾಡುತ್ತಿದ್ದೆ.

ಮಾದೇವಿ ಅಮ್ಮ ಸೊಸೆಯನ್ನು ಮುಂದೆ ಕಳಿಸಿ ನನ್ನೆದುರು ನಿಂತರು. ನನ್ನ ಮುಖ ನೋಡಿದರು.

"ತಮಾ, ನಿನ್ನೆಯಿಂದ ನಿಂಗೆ ಊಟ ಆತನೋ?"

ನನಗೇ ಆಗ ನೆನಪಾಯಿತು, ಆಗಿರಲಿಲ್ಲ. ಮಧ್ಯಾಹ್ನದ್ದೂ ಇಲ್ಲ, ರಾತ್ರಿಯದ್ದೂ ಇಲ್ಲ. ಅಷ್ಟು ಜನರ ನಡುವೆ ಹಸಿವು ಎಲ್ಲಿ ಹೋಗಿತ್ತೋ! "ಇಲ್ಲ ಅಮ್ಮಾ" ಎಂದೆ.

ಅವರು ಗಂಟನ್ನು ಕೆಳಗಿಟ್ಟರು. ಮರದ ಕೆಳಗೆ ಹೋಗಿ ಒಂದು ಎಲೆ ಹಾಸಿದರು. "ಕೂತ್ಕ. ನಿಂತ್ಕಂಡು ಉಂಬ್ಲಾಗ." ನಾನು ಕೂತೆ. ಬೆಳಗಿನ ಅನ್ನವನ್ನು ಮೇಲಿನಿಂದ, ಕೈ ತಾಗದಂತೆ ಬಡಿಸಿದರು. ಮೇಲಿನಿಂದಲೇ ಅಪ್ಪೆಹುಳಿ ಸುರಿದರು. ಆದರೆ ಎಲೆ ಖಾಲಿಯಾಗುವ ಮೊದಲೇ, ಕೇಳದೆ, ಎರಡನೆಯ ಸಲ ಬಡಿಸಿದರು. ಮೂರನೆಯ ಸಲವೂ. ನನ್ನ ಕಣ್ಣು ತುಂಬಿದ್ದು ಹುಳಿಗೋ ಏನಕ್ಕೋ ಹೇಳಲಾರೆ.

ಆಚೆ ದಡದಿಂದ ಹಾರ್ನ್ ಮೇಲೆ ಹಾರ್ನ್. ಕಂಡಕ್ಟರು ಸೇತುವೆ ದಾಟಿ ಓಡಿಬಂದ. "ಅಮ್ಮಾ, ಎಲ್ಲಾ ಹತ್ತಿಯಾಯ್ತು! ನಿಮ್ಮೊಬ್ಬರಿಗೋಸ್ಕರ ಮೋಟಾರು ನಿಂತಿದೆ!"

ಮಾದೇವಿ ಅಮ್ಮ ತಿರುಗಿಯೂ ನೋಡಲಿಲ್ಲ. ಸೌಟನ್ನು ಮತ್ತೆ ತಪ್ಪಲೆಗೆ ಇಳಿಸುತ್ತ ಹೇಳಿದರು:

"ನಿಲ್ಲಲಿ. ಹುಡುಗ ಇನ್ನೂ ಉಣ್ತಾ ಇದ್ದ."